ಕ್ವಾರ್ಟರ್‌ಬ್ಯಾಕ್ ಡ್ರಾಫ್ಟ್ ಗೈಡ್ ರಿವ್ಯೂ: ಪುಟ ಓದಿ, ಗ್ರೇಡ್ ಬಿಟ್ಹಾಕಿ

ಮೊದಲೇ ಹೇಳ್ಬಿಡ್ತೀನಿ, 5ಕ್ಕೆ 3 ಸ್ಟಾರ್. ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗ್ ಎನ್‌ಎಫ್‌ಎಲ್, ಅದರ ಟೀಮುಗಳು ಕಾಲೇಜ್ ಆಟಗಾರರನ್ನ ಸರದಿ ಪ್ರಕಾರ ಆರಿಸ್ಕೊಳ್ಳೋ ಡ್ರಾಫ್ಟ್ ಹತ್ರ ಬಂದಂಗೆ ದುಡ್ಡಿಗೆ ಮಾರೋ ಗೈಡುಗಳಿರ್ತವಲ್ಲ, ಒಂದು ಪಿಡಿಎಫ್, ಜೊತೆಗೊಂದು ಆ್ಯಪ್, ಕಾಲೇಜ್ ಹುಡುಗ್ರಲ್ಲಿ ಯಾರು ಪ್ರೊಫೆಷನಲ್ ಆಟಕ್ಕೆ ನಿಲ್ತಾರೆ ಯಾರು ಮುಗ್ಗರಿಸ್ತಾರೆ ಅಂತ ಭವಿಷ್ಯ ಹೇಳೋವು, ಅಂಥದ್ದೊಂದರ 2025ರ ಎಡಿಷನ್ ಇದು. ಹೆಸರು ಹಾಕಲ್ಲ. ಕೆಳಗಡೆ ಬೈದಿರೋದೂ ಇದೆ, ಅದೊಂದು ಕಾರಣ, ಇನ್ನೊಂದು ಈ ಜಾತಿ ಗೈಡುಗಳ ಒಳಗಿನ ಸರಕು ಎಲ್ಲಾ ಕಡೆ ಹೆಚ್ಚುಕಮ್ಮಿ ಒಂದೇ. ನಾನು ಹೇಳ್ತಿರೋದು ಕ್ವಾರ್ಟರ್‌ಬ್ಯಾಕ್, ಅಂದ್ರೆ ಬಾಲ್ ಎಸೆದು ಟೀಮಿನ ಅಟ್ಯಾಕ್ ನಡೆಸೋನು, ಅವನ ಪುಟಗಳ ಬಗ್ಗೆ ಮಾತ್ರ, ಉಳಿದ ಪೊಸಿಷನ್‌ಗಳದ್ದೂ ಚೆನ್ನಾಗೇ ಇರಬಹುದು, ಆದ್ರೆ ಲೆಫ್ಟ್ ಗಾರ್ಡ್ ಬಗ್ಗೆ ಓದಕ್ಕೆ ಅಂತ ಯಾರೂ ಇಂಥದ್ದಕ್ಕೆ ಕಾರ್ಡ್ ತೆಗೆಯಲ್ಲ ಬಿಡಿ.

ಆಟ ಗೊತ್ತಿದ್ದು ಡ್ರಾಫ್ಟ್ ಗೊತ್ತಿಲ್ದಿರೋರಿಗೆ ಎರಡು ಮಾತು. 32 ಟೀಮು, 7 ರೌಂಡು, ಹಿಂದಿನ ಸೀಸನ್ನಲ್ಲಿ ಎಲ್ಲಕ್ಕಿಂತ ಕಳಪೆ ಆಡಿದೋರಿಗೆ ಮೊದಲ ಆಯ್ಕೆ, ಒಂದೊಂದು ಆಯ್ಕೆಗೂ ಪಿಕ್ ಅಂತಾರೆ. ಮುಂಚೆ ಇಲ್ಲಿ ತಪ್ಪಾದ್ರೆ ದುಡ್ಡೇ ಮುಳುಗೋದು, 2010ರಲ್ಲಿ ಮೊದಲ ಪಿಕ್ ಸ್ಯಾಮ್ ಬ್ರ್ಯಾಡ್‌ಫರ್ಡ್‌ಗೆ 6 ವರ್ಷಕ್ಕೆ 78 ಮಿಲಿಯನ್ ಡಾಲರ್ ಕಾಂಟ್ರ್ಯಾಕ್ಟ್, ಮಾರನೇ ವರ್ಷ ಹೊಸ ನಿಯಮ ಬಂದು ಕ್ಯಾಮ್ ನ್ಯೂಟನ್‌ಗೆ 4 ವರ್ಷಕ್ಕೆ ಬರೀ 22 ಮಿಲಿಯನ್ ಚಿಲ್ಲರೆ. ಹಾಗಾಗಿ ಈಗ ಮುಳುಗೋದು ದುಡ್ಡಲ್ಲ, ವರ್ಷಗಳು, ಪಿಕ್‌ಗಳು, ಕೋಚ್‌ಗಳ ಕೆಲಸ. ಸ್ಯಾನ್ ಫ್ರಾನ್ಸಿಸ್ಕೋದೋರು 2021ರಲ್ಲಿ ಟ್ರೇ ಲ್ಯಾನ್ಸ್ ಬೇಕು ಅಂತ 12ನೇ ಜಾಗದಿಂದ 3ನೇ ಜಾಗಕ್ಕೆ ಹೋಗಕ್ಕೆ ಆ ವರ್ಷದ್ದಲ್ದೆ ಮುಂದಿನ ಎರಡು ವರ್ಷದ ಫಸ್ಟ್ ರೌಂಡ್ ಪಿಕ್ಕೂ ಕೊಟ್ರು, ಮೇಲೊಂದು ಥರ್ಡ್ ರೌಂಡ್ ಪಿಕ್ ಬೇರೆ, ಆ ಹುಡುಗ ಅವರಿಗೆ ಸ್ಟಾರ್ಟ್ ಮಾಡಿದ್ದು 4 ಮ್ಯಾಚ್. ಅದೇ ಟೀಮ್ ಮಾರನೇ ವರ್ಷ ಡ್ರಾಫ್ಟಿನ ಕಟ್ಟಕಡೇ ಪಿಕ್, 262ನೇದು, ಇರ್ಲಿ ಬಿಡು ಅಂತ ಬ್ರಾಕ್ ಪರ್ಡಿನ ತಗೊಂಡ್ರೆ ಅವನು ಲೀಗಿನ ಫೈನಲ್ಲಾದ ಸೂಪರ್ ಬೌಲ್‌ವರೆಗೂ ಕರ್ಕೊಂಡು ಹೋದ. ಇಂಥ ವ್ಯಾಪಾರದಲ್ಲಿ ಗೈಡ್ ಬರೆಯೋದು ಸುಲಭದ ಕೆಲಸ ಅಲ್ಲ ಅಂತ ಒಪ್ಕೊಂಡೇ ಮುಂದಕ್ಕೆ ಹೋಗ್ತೀನಿ.

ಒಬ್ಬೊಬ್ಬ ಕ್ವಾರ್ಟರ್‌ಬ್ಯಾಕ್‌ಗೆ ಎರಡು ಪುಟ. ಮೇಲ್ಗಡೆ ಮೈ ಅಳತೆ, ಆಮೇಲೆ ಅಂಕಿಅಂಶದ ಟೇಬಲ್, ಆಮೇಲೆ ವಿಡಿಯೋ ನೋಡಿ ಬರೆದ ಟಿಪ್ಪಣಿ, ಕೊನೇಲಿ ದಪ್ಪಕ್ಷರದಲ್ಲಿ ಒಂದು ಗ್ರೇಡು ಮತ್ತೆ "ಇವನು ಇಂಥವನ ತರ" ಅಂತ ಹಳೇ ಆಟಗಾರನ ಹೆಸರು.

ಅಳತೆ ಭಾಗ ಹತ್ತು ಸೆಕೆಂಡ್‌ನಲ್ಲಿ ದಾಟಿ ಹೋಗಿ. ಡ್ರಾಫ್ಟ್‌ಗೆ ಮುಂಚೆ ಹುಡುಗ್ರ ಮೈ, ಓಟ ಎಲ್ಲಾ ಪರೀಕ್ಷೆ ಮಾಡಕ್ಕೆ ಇಂಡಿಯಾನಾಪೊಲಿಸ್‌ನಲ್ಲಿ ಕಂಬೈನ್ ಅಂತ ಮಾಡ್ತಾರಲ್ಲ, ಅಲ್ಲಿ ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿವರೆಗೂ ಟೇಪ್ ಹಿಡಿದು ಅಳೀತಾರೆ, ಕೆನಿ ಪಿಕೆಟ್‌ದು 8.5 ಇಂಚು ಬಂತು, ಕೈ ಚಿಕ್ಕದು ಅಂತ 2022ರಲ್ಲಿ ತಿಂಗಳುಗಟ್ಲೆ ಚರ್ಚೆ, ಅದಕ್ಕೆ ಎರಡು ವರ್ಷ ಮುಂಚೆ ಜೋ ಬರೋದು 9 ಇಂಚು ಬಂದಾಗ ಅವನೇ ರಿಟೈರ್ ಆಗ್ಬೇಕೇನೋ ಅಂತ ತಮಾಷೆ ಮಾಡಿದ್ದ, ಆಮೇಲೆ ನಂಬರ್ ಒನ್ ಪಿಕ್ ಆಗಿ ಹೋಗಿ ಎರಡನೇ ಸೀಸನ್ನಲ್ಲೇ ಸಿನ್ಸಿನಾಟಿನ ಸೂಪರ್ ಬೌಲ್‌ಗೆ ಸೇರಿಸ್ದ. ಟಾಮ್ ಬ್ರೇಡಿ 40 ಗಜ ಓಡಕ್ಕೆ 5.28 ಸೆಕೆಂಡ್ ತಗೊಂಡಿದ್ದು, 2000ದಲ್ಲಿ 199ನೇ ಪಿಕ್ ಆಗಿದ್ದು ಎಲ್ಲರಿಗೂ ಬಾಯಿಪಾಠ. ಆ್ಯಂಥನಿ ರಿಚರ್ಡ್‌ಸನ್ ಇನ್ನೊಂದು ತುದಿ, 4.43 ಸೆಕೆಂಡ್, ನಿಂತಲ್ಲಿಂದಲೇ 40.5 ಇಂಚು ಮೇಲಕ್ಕೆ ಹಾರ್ದ, ಕ್ವಾರ್ಟರ್‌ಬ್ಯಾಕ್‌ಗಳಲ್ಲೇ ದಾಖಲೆ, ಅದಕ್ಕಿಂತ ಮುಖ್ಯವಾದ ಅಂಕಿ ಏನಪ್ಪಾ ಅಂದ್ರೆ ಫ್ಲೋರಿಡಾದಲ್ಲಿ ಕೊನೇ ವರ್ಷ ಅವನ ಪಾಸ್ ಪೂರ್ತಿಯಾಗಿದ್ದು ನೂರಕ್ಕೆ 54 ಹತ್ರ. ಇಂಡಿಯಾನಾಪೊಲಿಸ್ ಟೀಮಿಗೆ ಹೋದ್ಮೇಲೂ ಅದೇ ಕಥೆ ಮುಂದುವರೀತು, ಎರಡನೇ ಸೀಸನ್ ಮಧ್ಯದಲ್ಲೇ ಬೆಂಚ್ ಮೇಲೆ ಕೂರಿಸಿದ್ರು.

ಈ ಗೈಡ್‌ಗೆ ನಾನು ಕೊಟ್ಟಿರೋ ಸ್ಟಾರುಗಳಲ್ಲಿ ಒಂದು ಪೂರ್ತಿ ಸ್ಟಾರ್ ಅಂಕಿಅಂಶದ ಟೇಬಲ್ಲಿಗೇ ಸೇರಬೇಕು. ಬರೀ ಕಂಪ್ಲೀಷನ್ ಪರ್ಸೆಂಟೇಜ್, ಅಂದ್ರೆ ಎಸೆದ ನೂರು ಪಾಸಲ್ಲಿ ಎಷ್ಟು ಪೂರ್ತಿಯಾದ್ವು ಅನ್ನೋದು, ಕೊಟ್ಟು ಕೈತೊಳ್ಕೊಂಡಿಲ್ಲ. ಸ್ಕ್ರೀನ್ ಪಾಸ್, ಆಟ ಶುರುವಾಗೋ ಲೈನ್ ಹಿಂದುಗಡೇನೇ ಕೊಡೋ ಸಣ್ಣಪುಟ್ಟ ಎಸೆತ ಎಲ್ಲಾ ತೆಗೆದು, 10 ಗಜದಿಂದ 20 ಗಜದ ಮಧ್ಯದ ಎಸೆತ ಬೇರೆ, 20ಕ್ಕಿಂತ ಆಚೆದು ಬೇರೆ, ಮೈದಾನದ ನಡುವೆ ಎಸೆದಿದ್ದು ಬೇರೆ, ಅಂಚಿಗೆ ಎಸೆದಿದ್ದು ಬೇರೆ. ಈಗಿನ ಕಾಲೇಜ್ ಆಟದಲ್ಲಿ ಒಂದಷ್ಟು ಜನ ನೂರಕ್ಕೆ 70 ದಾಟ್ತಾರೆ, ಅದರಲ್ಲಿ ಎಷ್ಟೋ ಪಾಸ್ ಪಕ್ಕದಲ್ಲಿ ನಿಂತೋನಿಗೆ ಕೈಗೆ ಕೊಟ್ಟಂಗೇ ಇರತ್ತೆ. ಟೇಬಲ್ಲಿನ ಆ ಒಂದು ಕಾಲಮ್, ಸ್ಕ್ರೀನ್ ತೆಗೆದ್ಮೇಲೆ ಎಷ್ಟು ಉಳೀತು ಅನ್ನೋದು, ಅದನ್ನ ನೋಡಿದ್ರೆ ಟಿವೀಲಿ ಹೊಗಳೋ ಅರ್ಧ ಜನ ನೆಲಕ್ಕೆ ಇಳೀತಾರೆ.

ಇನ್ನೊಂದು ವಿಷಯ ಟೇಬಲ್ ಕೆಳಗೆ ಸಣ್ಣಕ್ಷರದಲ್ಲಿ ಬರೆದಿದಾರೆ, ಯಾಕೆ ಸಣ್ಣಕ್ಷರ ಮಾಡಿದ್ರೋ, ಅದೇ ನನಗೆ ಜಾಸ್ತಿ ಇಷ್ಟವಾಗಿದ್ದು. ಕಾಲೇಜ್ ಮೈದಾನ ಅಗಲದಲ್ಲಿ ಎನ್‌ಎಫ್‌ಎಲ್ ಮೈದಾನದಷ್ಟೇ, 160 ಅಡಿ, ಆದ್ರೆ ಬಾಲ್ ಇಡೋ ಹ್ಯಾಷ್ ಗೆರೆಗಳ ಮಧ್ಯದ ಅಂತರ ಕಾಲೇಜಲ್ಲಿ 40 ಅಡಿ, ಎನ್‌ಎಫ್‌ಎಲ್‌ನಲ್ಲಿ 18 ಅಡಿ 6 ಇಂಚು. ಅಂದ್ರೆ ಕಾಲೇಜಲ್ಲಿ ಬಾಲ್ ಎಡಗೆರೆ ಮೇಲಿದ್ರೆ ಬಲಗಡೆ ನೂರಡಿ ಬಯಲು ಬಿದ್ದಿರತ್ತೆ, ಅಷ್ಟನ್ನ ಡಿಫೆನ್ಸ್ ಕಾಯಕ್ಕಾಗಲ್ಲ, ಸುಲಭದ ಎಸೆತ ಹುಟ್ಕೊಳ್ತವೆ. ಆದ್ರೆ ಅದೇ ಅಗಲದಲ್ಲಿ ಆ ಕೊನೆಯಂಚಿಗೆ ಒಂದು ಔಟ್ ರೂಟ್, ಅಂದ್ರೆ ಅಂಚಿನ ಕಡೆ ತಿರುಗಿ ಓಡೋನಿಗೆ ಕೊಡೋ ಪಾಸ್, ಎಸೀಬೇಕು ಅಂದ್ರೆ ಕೈಯಲ್ಲಿ ಕಸುವು ಬೇಕು, ಹಾಗಾಗಿ ತೋಳು ಎಷ್ಟು ಗಟ್ಟಿ ಅಂತ ತಿಳ್ಕೊಳ್ಳಕ್ಕೆ 60 ಗಜ ಎಸೆದ ಬಾಂಬ್ ನೋಡೋದಕ್ಕಿಂತ ದೂರದ ಹ್ಯಾಷ್‌ನಿಂದ ಎಸೆದ ಈ 15 ಗಜದ ಔಟ್ ನೋಡೋದು ಒಳ್ಳೇದು. ರನ್ನೋ ಪಾಸೋ ಅಂತ ಕೊನೇ ಘಳಿಗೇಲಿ ತೀರ್ಮಾನ ಮಾಡೋ ಆರ್‌ಪಿಓ ಆಟಗಳದ್ದೂ ಹಿಂಗೇ, ಕಾಲೇಜಲ್ಲಿ ಕ್ವಾರ್ಟರ್‌ಬ್ಯಾಕ್‌ನ ಮುಂದೆ ನಿಂತು ಕಾಯೋ ಲೈನ್‌ಮನ್ ಪಾಸ್ ಆಗೋ ಮುಂಚೆ 3 ಗಜ ಮುಂದಕ್ಕೆ ನುಗ್ಗಬಹುದು, ಮೇಲಿನ ಲೆವೆಲ್ಲಲ್ಲಿ 1 ಗಜ ದಾಟಿದ್ರೆ ಫ್ಲ್ಯಾಗ್, ಅಂದ್ರೆ ಫೌಲ್. ಇದು ರನ್ ಅಂತ ಮೋಸ ಹೋಗ್ತಿದ್ದ ಡಿಫೆನ್ಸ್‌ನ ಲೈನ್‌ಬ್ಯಾಕರ್ ಅಲ್ಲಿ ಅಷ್ಟು ಸುಲಭಕ್ಕೆ ಮೋಸ ಹೋಗಲ್ಲ. ರಣಜಿಯಲ್ಲಿ ಚಪ್ಪಟೆ ಪಿಚ್ ಮೇಲೆ ಡಬಲ್ ಸೆಂಚುರಿ ಹೊಡೆದೋನನ್ನ ಪರ್ತ್‌ಗೆ ಕಳಿಸೋ ಮುಂಚೆ ಪಿಚ್ ಎಂಥದ್ದು ಅಂತ ನೋಡಲ್ವಾ, ಇದೂ ಅಷ್ಟೇ.

ಅಂಕಿಯನ್ನ ಹಾಗೇ ನಂಬಿದ್ರೂ ಕಷ್ಟ. 2018ರಲ್ಲಿ ಜಾಶ್ ಆ್ಯಲನ್ ವಯೋಮಿಂಗ್‌ನಿಂದ ಬಂದಾಗ ಕಾಲೇಜ್ ಕಂಪ್ಲೀಷನ್ 56.2, ಲೆಕ್ಕ ಹಾಕೋರೆಲ್ಲಾ ಇವನು ಖಂಡಿತ ಫೇಲು ಅಂದ್ರು, ಬಫಲೋದೋರು 7ನೇ ಪಿಕ್ಕಲ್ಲಿ ತಗೊಂಡ್ರು, ಮೊದಲ ಎರಡು ವರ್ಷ ಲೆಕ್ಕದೋರೇ ಸರಿ ಅನ್ನಿಸ್ತು, ಮೂರನೇ ವರ್ಷ 69 ದಾಟ್ತು, 2024ರಲ್ಲಿ ಎಂವಿಪಿ, ಅಂದ್ರೆ ಲೀಗಿನ ಅತ್ಯುತ್ತಮ ಆಟಗಾರ. ಅದೇ ಡ್ರಾಫ್ಟ್‌ನಲ್ಲಿ ಲಮಾರ್ ಜಾಕ್ಸನ್, ಕಾಲೇಜ್ ಆಟದ ದೊಡ್ಡ ಪ್ರಶಸ್ತಿ ಹೈಸ್‌ಮನ್ ಗೆದ್ದಿದ್ದ ಹುಡುಗ, ಕ್ವಾರ್ಟರ್‌ಬ್ಯಾಕ್ ಬೇಡ ಪಾಸ್ ಹಿಡಿಯೋ ರಿಸೀವರ್ ಆಡ್ಲಿ ಅಂತ ದೊಡ್ಡೋರೇ ಸಲಹೆ ಕೊಟ್ರು, 32ನೇ ಪಿಕ್‌ವರೆಗೂ ಕೂತಿದ್ದ, ಈಗ ಎರಡು ಎಂವಿಪಿ. ಆ್ಯಲನ್‌ಗಿಂತ ಮೂರು ಜಾಗ ಕೆಳಗೆ 10ನೇ ಪಿಕ್ ಆಗಿ, ನೋಡಕ್ಕೆ ಎಲ್ಲರಿಗಿಂತ ಅಚ್ಚುಕಟ್ಟಾಗಿ ಎಸೀತಿದ್ದ ಜಾಶ್ ರೋಸನ್ ಅರಿಜೋನಾಗೆ ಹೋದ, ಒಂದೇ ವರ್ಷಕ್ಕೆ ಅವನನ್ನ ಮಯಾಮಿಗೆ ಮಾರಿ ಕೈಲರ್ ಮರ್ರೇನ ತಗೊಂಡ್ರು.

ಈಗ ಪ್ರೆಶರ್ ಪುಟ. ಗೈಡ್ ತಗೊಂಡೋರು ಬೇರೇನೂ ಓದಲ್ಲ ಅಂದ್ರೂ ಇದೊಂದು ಓದಿ. ಡಿಫೆನ್ಸ್‌ನೋರು ಮೈಮೇಲೆ ಬಂದಾಗ ಹುಡುಗ ಏನು ಮಾಡ್ತಾನೆ, ಅಂಥ ನೂರು ಸಲದಲ್ಲಿ ಎಷ್ಟು ಸಲ ಸ್ಯಾಕ್ ಆಗ್ತಾನೆ, ಅಂದ್ರೆ ಎಸೆಯೋ ಮುಂಚೆನೇ ಬಾಲ್ ಸಮೇತ ಅವನನ್ನ ಕೆಡವ್ತಾರೆ, ಅನ್ನೋ ಲೆಕ್ಕ. ಸ್ಯಾಕ್ ಅಂದ್ರೆ ಲೈನ್‌ಮನ್ ತಪ್ಪು ಅಂತ ನಾವು ಟಿವಿ ಮುಂದೆ ಕೂತು ಬೈತೀವಿ, ಆದ್ರೆ ಈ ಲೆಕ್ಕ ಮಾಡೋರ ವಾದ ಏನಂದ್ರೆ ಪ್ರೆಶರ್ ಬರೋದು ಲೈನ್‌ಮನ್ ಕೈಲಿ ಇರಬಹುದು, ಅದು ಸ್ಯಾಕ್ ಆಗೋದು ಬಿಡೋದು ಬಹಳಷ್ಟು ಕ್ವಾರ್ಟರ್‌ಬ್ಯಾಕ್ ಕೈಲೇ ಇದೆ, ಮತ್ತೆ ಈ ಚಾಳಿ ಕಾಲೇಜಿಂದ ಮೇಲಕ್ಕೆ ಹೋದ್ರೂ ಅಷ್ಟಾಗಿ ಬಿಡಲ್ಲ. ಗೈಡ್ ಇದನ್ನ ನಾಲ್ಕು ಭಾಗ ಮಾಡಿ ತೋರಿಸತ್ತೆ, ಎಸೆದ್ನಾ, ಓಡಿದ್ನಾ, ಹೊರಗೆ ಬಿಸಾಕಿದ್ನಾ, ಬಿದ್ನಾ. ಜೊತೆಗೆ ಬಾಲ್ ಕೈಗೆ ಬಂದು ಬಿಡೋವರೆಗೆ ಎಷ್ಟು ಸೆಕೆಂಡ್.

ಶೆಡ್ಯೂರ್ ಸ್ಯಾಂಡರ್ಸ್ ಪುಟ ತೆಗೀರಿ. ಕೊಲೊರಾಡೊದಲ್ಲಿ 2024ರ ಸೀಸನ್ನಲ್ಲಿ ಕಂಪ್ಲೀಷನ್ 74, ಇಡೀ ದೇಶದಲ್ಲಿ ಅದಕ್ಕಿಂತ ಚೆನ್ನಾಗಿರೋದು ಸಿಗೋದು ಕಷ್ಟ. ಅದರ ಪಕ್ಕದಲ್ಲೇ ಎರಡು ಸೀಸನ್ನಲ್ಲಿ 94 ಸ್ಯಾಕ್. ಲೈನ್ ಕೆಟ್ಟದಾಗಿತ್ತು, ಒಪ್ಪೋಣ. ಆದ್ರೆ ವಿಡಿಯೋ ನೋಡಿದ್ರೆ ಇನ್ನೊಂದು ಕಾಣತ್ತೆ, ಒತ್ತಡ ಬಂದ ತಕ್ಷಣ ಲೈನ್‌ಮನ್‌ಗಳು ಸುತ್ತ ಕಾಯೋ ಪಾಕೆಟ್ ಒಳಗೆ ಒಂದು ಹೆಜ್ಜೆ ಮುಂದೆ ಇಡೋ ಬದಲು ಹಿಂದಕ್ಕೆ ಹಿಂದಕ್ಕೆ ಸರೀತಾನೆ, 7 ಗಜದಲ್ಲಿ ಆಗಬೇಕಾದ ಸ್ಯಾಕ್ 13 ಗಜಕ್ಕೆ ಆಗತ್ತೆ, ಲೈನ್ ತುದೀಲಿ ನಿಲ್ಲೋ ಟ್ಯಾಕಲ್‌ಗೆ ತಾನು ಯಾರನ್ನ ಎಲ್ಲಿ ತಡೀಬೇಕು ಅನ್ನೋದೇ ಗೊತ್ತಾಗಲ್ಲ ಯಾಕಂದ್ರೆ ಅವನು ಕಾಯಬೇಕಾದ ಕ್ವಾರ್ಟರ್‌ಬ್ಯಾಕೇ ಜಾಗದಲ್ಲಿ ಇಲ್ಲ. ಗೈಡ್ ಟಿಪ್ಪಣಿಯಲ್ಲಿ ಇದನ್ನ ಕರೆಕ್ಟಾಗಿ ಬರೆದಿದೆ, ಎರಡು ಸಾಲಲ್ಲಿ, ಅದ್ಭುತ. ಆಮೇಲೆ ಕೆಳಗೆ ಬಂದು ಫಸ್ಟ್ ರೌಂಡ್ ಗ್ರೇಡ್ ಕೊಟ್ಟಿದೆ! ತಾನೇ ಬರೆದಿದ್ದನ್ನ ತಾನೇ ಓದಿಲ್ವಾ ಅನ್ಸತ್ತೆ. ಡ್ರಾಫ್ಟ್ ದಿನ ಏನಾಯ್ತು ಗೊತ್ತಲ್ಲ, 144ನೇ ಪಿಕ್, ಐದನೇ ರೌಂಡ್, ಅದೂ ತಗೊಂಡ ಕ್ಲೀವ್‌ಲ್ಯಾಂಡ್‌ನೋರು ಅದಕ್ಕೆ ಮುಂಚೆನೇ 94ನೇ ಪಿಕ್ಕಲ್ಲಿ ಡಿಲನ್ ಗೇಬ್ರಿಯಲ್ ಅನ್ನೋ ಬೇರೆ ಕ್ವಾರ್ಟರ್‌ಬ್ಯಾಕ್‌ನ ತಗೊಂಡಾಗಿತ್ತು. ಸ್ಯಾಂಡರ್ಸ್ ಅಷ್ಟು ಕೆಳಗೆ ಬಿದ್ದಿದ್ದಕ್ಕೆ ಸ್ಯಾಕ್ ಒಂದೇ ಕಾರಣ ಅಂತ ನಾನು ಹೇಳ್ತಿಲ್ಲ, ಆದ್ರೆ ಗ್ರೇಡ್ ಹಾಕೋನಿಗೂ ಟಿಪ್ಪಣಿ ಬರೆಯೋನಿಗೂ ಮಾತುಕತೆ ಇಲ್ಲ ಅನ್ನೋದಂತೂ ಗೊತ್ತಾಯ್ತು.

ಆದ್ರೂ ಈ ಲೆಕ್ಕ ಒಂದನ್ನೇ ಹಿಡ್ಕೊಂಡು ಕೂರಕ್ಕಾಗಲ್ಲ. ಎಲ್‌ಎಸ್‌ಯು ಕಾಲೇಜಲ್ಲಿ ಜೇಡನ್ ಡೇನಿಯಲ್ಸ್‌ದು ಈ ಅಂಕಿ ಭಯ ಹುಟ್ಟಿಸೋ ಹಂಗಿತ್ತು, ಪ್ರೆಶರ್ ಬಂದ ಐದು ಸಲದಲ್ಲಿ ಒಂದು ಸಲ ಹತ್ರ ಹತ್ರ ಸ್ಯಾಕ್. ವಾಷಿಂಗ್ಟನ್‌ಗೆ ಹೋದ ಮೊದಲ ವರ್ಷ 47 ಸಲ ಬಿದ್ದ, ಅಂದ್ರೆ ಅಂಕಿ ಹೇಳಿದ್ದು ನಿಜಾನೇ, ಆದ್ರೆ ಅದೇ ವರ್ಷ ಹೊಸಬರಿಗೆ ಕೊಡೋ ರೂಕಿ ಆಫ್ ದ ಇಯರ್ ಪ್ರಶಸ್ತಿ ಗೆದ್ದು ಟೀಮನ್ನ ಸೂಪರ್ ಬೌಲ್‌ಗೆ ಒಂದು ಮೆಟ್ಟಿಲು ಕೆಳಗಿನ ಕಾನ್ಫರೆನ್ಸ್ ಫೈನಲ್‌ವರೆಗೂ ಒಯ್ದ. ಕ್ಯಾಲೆಬ್ ವಿಲಿಯಮ್ಸ್ ಚಿಕಾಗೋದಲ್ಲಿ ಮೊದಲ ವರ್ಷ 68 ಸ್ಯಾಕ್ ತಿಂದ, ಬಾಲ್ ಜಾಸ್ತಿ ಹೊತ್ತು ಹಿಡ್ಕೊಳ್ಳೋದು ಅವನ ಹುಟ್ಟುಗುಣ ಅಂದ್ರು, ಆಮೇಲೆ ಬೆನ್ ಜಾನ್ಸನ್ ಕೋಚಾಗಿ ಬಂದು ಲೈನ್ ನಡುಭಾಗಕ್ಕೆ ಮೂರು ಹೊಸಬರನ್ನ ಹಾಕಿದ್ಮೇಲೆ ಮುಂದಿನ ಸೀಸನ್ನಲ್ಲಿ ಅದು ಅರ್ಧಕ್ಕಿಂತ ಕಮ್ಮಿ ಆಯ್ತು. ಹುಟ್ಟುಗುಣ ಎಷ್ಟು, ಮನೆ ವಾತಾವರಣ ಎಷ್ಟು ಅಂತ ಬಿಡಿಸಿ ಹೇಳೋ ಯಾವ ಕಾಲಮ್ಮೂ ಗೈಡ್‌ನಲ್ಲಿಲ್ಲ.

ಅನುಭವದ ಭಾಗ ಚಿಕ್ಕದು, ಸರಿಯಾಗಿದೆ. ಕಾಲೇಜಲ್ಲಿ ಎಷ್ಟು ಮ್ಯಾಚ್ ಸ್ಟಾರ್ಟ್ ಮಾಡಿದಾನೆ ಅನ್ನೋದು. 2017ರಲ್ಲಿ ಚಿಕಾಗೋದೋರು ತಗೊಂಡ ಮಿಚೆಲ್ ಟ್ರುಬಿಸ್ಕಿ 13, ರಿಚರ್ಡ್‌ಸನ್ 13, ಲ್ಯಾನ್ಸ್ 17. ಬೋ ನಿಕ್ಸ್ 61, ಅವನು ಡ್ರಾಫ್ಟ್‌ಗೆ ಬಂದಾಗ ಕಾಲೇಜ್ ಇತಿಹಾಸದಲ್ಲೇ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಅದೇ ಅತಿ ಹೆಚ್ಚಾಗಿತ್ತು, ಡೆನ್ವರ್‌ನಲ್ಲಿ ಮೊದಲ ವರ್ಷವೇ ಪ್ಲೇಆಫ್. ಈಗ ಕಾಲೇಜ್ ಬದಲಾಯಿಸೋ ಟ್ರಾನ್ಸ್‌ಫರ್ ಸಲೀಸಾಗಿರೋದ್ರಿಂದ 23, 24 ವಯಸ್ಸಿನ ಹುಡುಗ್ರೇ ಜಾಸ್ತಿ ಬರ್ತಾರೆ, ಕ್ಯಾಮ್ ವಾರ್ಡ್ ಇನ್‌ಕಾರ್ನೇಟ್ ವರ್ಡ್, ವಾಷಿಂಗ್ಟನ್ ಸ್ಟೇಟ್, ಮಯಾಮಿ ಅಂತ ಮೂರು ಕಾಲೇಜ್ ಸುತ್ತಿ ಕೊನೇ ವರ್ಷ 39 ಟಚ್‌ಡೌನ್ ಎಸೆದು 2025ರ ಮೊದಲ ಪಿಕ್ ಆದ. ಅನುಭವ ಜಾಸ್ತಿ ಅಂತ ಖುಷಿ ಪಡಬೇಕೋ 18 ವರ್ಷದ ಹುಡುಗ್ರ ಮೇಲೆ ಆಡಿದಾನೆ ಅಂತ ಕಳೀಬೇಕೋ, ಗೈಡ್ ಕಳೆದಿದೆ, ನಾನಾಗಿದ್ರೆ ಕೂಡಿಸ್ತಿದ್ದೆ.

ಬುದ್ಧಿ ಭಾಗ ಮಾತ್ರ ದಂಡ. ಪ್ರೊಸೆಸಿಂಗ್ ಅಂತ 10ಕ್ಕೆ ಇಷ್ಟು ಅಂತ ನಂಬರ್ ಹಾಕ್ತಾರೆ, ಹೇಗೆ ಬಂತು ಅಂತ ಹೇಳಲ್ಲ. ಮುಂಚೆ ವಂಡರ್‌ಲಿಕ್ ಅಂತ 12 ನಿಮಿಷಕ್ಕೆ 50 ಪ್ರಶ್ನೆ ಕೊಡ್ತಿದ್ರು, 2022ರಲ್ಲಿ ಕಂಬೈನ್‌ನಿಂದ ಅದನ್ನ ಕಿತ್ತಾಕಿದ್ರು. ಆಮೇಲೆ ಎಸ್2 ಅನ್ನೋ ಹೊಸ ಪರೀಕ್ಷೆಯಲ್ಲಿ ಸಿ.ಜೆ. ಸ್ಟ್ರೌಡ್ ತೀರಾ ಕಮ್ಮಿ ತಗೊಂಡ ಅಂತ 2023ರಲ್ಲಿ ಸುದ್ದಿ ಸೋರಿ ಅವನನ್ನ ದಡ್ಡ ಅಂತ ಜರೆದ್ರು, ಆ ವರ್ಷ ಹ್ಯೂಸ್ಟನ್‌ನಲ್ಲಿ ಅವನು ಆಡಿದ್ದು ನೋಡಿದೋರಿಗೆ ಗೊತ್ತು. ಇನ್ನೊಂದು ವಿಷಯ ಗೈಡ್ ಎತ್ತೇ ಇಲ್ಲ: ಕಾಲೇಜಲ್ಲಿ ಎಷ್ಟೋ ಟೀಮು ಲೈನ್ ಮೇಲೆ ನಿಂತ್ಕೊಂಡು, ಡಿಫೆನ್ಸ್ ಹೇಗೆ ನಿಂತಿದೆ ನೋಡಿ, ಎಲ್ಲರೂ ಬೆಂಚ್ ಕಡೆ ಕತ್ತು ತಿರುಗಿಸಿ ಕೋಚ್ ಹೇಳಿದ ಹೊಸ ಪ್ಲೇ ತಗೊಳ್ತಾರೆ. ಆ ತೀರ್ಮಾನ ಹುಡುಗಂದಲ್ಲ, ಕೋಚ್‌ದು. ಎನ್‌ಎಫ್‌ಎಲ್‌ನಲ್ಲಿ ಕೋಚ್ ಮಾತು ಕೇಳಿಸೋ ಹೆಲ್ಮೆಟ್ ಒಳಗಿನ ಸ್ಪೀಕರ್, ಪ್ಲೇ ಶುರು ಮಾಡಕ್ಕೆ ಕೊಡೋ ಟೈಮಲ್ಲಿ 15 ಸೆಕೆಂಡ್ ಉಳಿದಾಗ ಬಂದ್, ಆಮೇಲೆ ನಿನ್ನ ತಲೆ ನಿನಗೆ.

ನೀವೇ ನೋಡ್ಬೇಕು ಅಂದ್ರೆ ಹಿಂಗೆ ಮಾಡಿ. ಮೂರನೇ ಡೌನ್ (10 ಗಜ ಮುಂದೆ ಹೋಗಕ್ಕೆ ಸಿಗೋ ನಾಲ್ಕು ಪ್ರಯತ್ನದಲ್ಲಿ ಮೂರನೇದು), 7 ಗಜಕ್ಕಿಂತ ಜಾಸ್ತಿ ಬೇಕಾಗಿರೋ ಪ್ಲೇಗಳನ್ನ ಮಾತ್ರ ಆರಿಸ್ಕೊಳ್ಳಿ. ಸ್ನ್ಯಾಪ್‌ಗೆ, ಅಂದ್ರೆ ಬಾಲ್ ಹಿಂದಕ್ಕೆ ಕೊಟ್ಟು ಪ್ಲೇ ಶುರುವಾಗೋದಕ್ಕೆ, ಮುಂಚೆ ನಿಲ್ಸಿ ಡಿಫೆನ್ಸ್‌ನಲ್ಲಿ ಎಲ್ಲರಿಗಿಂತ ಹಿಂದುಗಡೆ ನಿಲ್ಲೋ ಇಬ್ಬರು ಸೇಫ್ಟಿ ಎಲ್ಲಿದಾರೆ ನೋಡಿ, ಸ್ನ್ಯಾಪ್ ಆಗಿ ಒಂದು ಸೆಕೆಂಡ್‌ಗೆ ಮತ್ತೆ ನಿಲ್ಸಿ, ಒಬ್ಬ ಮುಂದೆ ಓಡಿ ಬಂದು ಇನ್ನೊಬ್ಬ ನಡುವೆ ಹೋಗಿದ್ರೆ ಡಿಫೆನ್ಸ್ ವೇಷ ಬದಲಾಯಿಸಿದೆ ಅಂತ ಅರ್ಥ. ಈಗ ಹುಡುಗನ ಕಾಲು ನೋಡಿ, ಕಣ್ಣು ಹೆಲ್ಮೆಟ್ ಒಳಗೆ ಕಾಣಲ್ಲ ಆದ್ರೆ ಪಾದ ಸುಳ್ಳು ಹೇಳಲ್ಲ, ಎಡಪಾದ ಮೊದಲ ರಿಸೀವರ್ ಕಡೆಗೇ ಅಂಟ್ಕೊಂಡಿದ್ರೆ ಅವನು ಇನ್ನೂ ಮೊದಲಿಂದೇ ನೋಡ್ತಿದಾನೆ, ತಿರುಗಿ ಇನ್ನೊಂದು ಕಡೆ ನೆಟ್ರೆ ಓದಿದಾನೆ. ಟಿವಿ ಕ್ಯಾಮರಾದಲ್ಲಿ ಸೇಫ್ಟಿಗಳು ಫ್ರೇಮಿಂದ ಹೊರಗಿರ್ತಾರೆ, ಅದೇ ತೊಂದರೆ. 22 ಜನರೂ ಕಾಣೋ ಎತ್ತರದ ಕ್ಯಾಮರಾದ ವಿಡಿಯೋ ಕಾಲೇಜ್ ಆಟಕ್ಕೆ ನಮ್ಮಂಥೋರಿಗೆ ಸಲೀಸಾಗಿ ಸಿಗಲ್ಲ, ಈ ಗೈಡ್ ಕ್ಲಿಪ್ ಕೊಡ್ತೀವಿ ಅಂತ ಹೇಳಿದ್ದಕ್ಕೇ ನಾನು ತಗೊಂಡಿದ್ದು, ಅದರಲ್ಲಿ ಅರ್ಧ ಲಿಂಕ್ ಸತ್ತೋಗಿವೆ. ಮೇಲ್ ಹಾಕ್ದೆ, "ಮುಂದಿನ ಅಪ್‌ಡೇಟ್‌ನಲ್ಲಿ ಸರಿ ಮಾಡ್ತೀವಿ" ಅಂತ ಉತ್ತರ ಬಂತು, ಅಪ್‌ಡೇಟ್ ಬಂತು, ಲಿಂಕ್ ಬರಲಿಲ್ಲ. ಒಂದು ಸ್ಟಾರ್ ಅಲ್ಲೇ ಹೋಯ್ತು.

ಇನ್ನೊಂದು ಸ್ಟಾರ್ ಹೋಗಿದ್ದು ಆ ಕೊನೇ ಸಾಲಿಗೆ, ಗ್ರೇಡು ಮತ್ತೆ ಹೋಲಿಕೆ. ಹೋಲಿಕೆ ಓದಿದ್ರೆ ನಗು ಬರತ್ತೆ, ಎತ್ತರ ಒಂದೇ, ಬಣ್ಣ ಒಂದೇ, ಓಡೋದು ಒಂದೇ ತರ, ಆಯ್ತು ಇವನೇ ಅವನು. ಗ್ರೇಡ್ ವಿಷಯ ಅದಕ್ಕಿಂತ ಗಂಭೀರ, ಯಾಕಂದ್ರೆ ಎಲ್ಲರೂ ನೋಡೋದು ಅದನ್ನೇ. ಹುಡುಗ ಯಾವ ಟೀಮಿಗೆ ಹೋಗ್ತಾನೆ ಅಂತ ಗೊತ್ತಿಲ್ದೆ 100ಕ್ಕೆ 87.4 ಅಂತ ದಶಮಾಂಶದವರೆಗೂ ಹೇಳೋದು ಯಾವ ಲೆಕ್ಕ ಸ್ವಾಮಿ? ನಮ್ ಭಾವ ನ್ಯೂಜೆರ್ಸಿಯಲ್ಲಿ ಜೆಟ್ಸ್ ಫ್ಯಾನ್, ಪಾಪ. 2018ರಲ್ಲಿ 3ನೇ ಪಿಕ್ಕಲ್ಲಿ ಸ್ಯಾಮ್ ಡಾರ್ನಲ್ಡ್ ಬಂದಾಗ ಸಿಹಿ ಹಂಚಿದ್ರು, ಮೂರು ವರ್ಷ ಆದ್ಮೇಲೆ ಟೀಮ್‌ನೋರು ಅವನನ್ನ ಕ್ಯಾರೊಲೈನಾಗೆ ಕಳಿಸಿ 2ನೇ ಪಿಕ್ಕಲ್ಲಿ ಝ್ಯಾಕ್ ವಿಲ್ಸನ್ ತಂದ್ರು, ಓಡ್ತಾ ಓಡ್ತಾ ಮೈ ತಿರುಚಿ ಎಸೆದ ಒಂದು ಪ್ರೋ ಡೇ (ಕಾಲೇಜಲ್ಲೇ ಟೀಮ್‌ನೋರ ಮುಂದೆ ಆಡಿ ತೋರಿಸೋ ದಿನ) ವಿಡಿಯೋ ನೋಡಿ ದೇಶವೆಲ್ಲಾ ಮರುಳಾಗಿತ್ತಲ್ಲ ಅವನೇ, ಎದುರಿಗೆ ಡಿಫೆನ್ಸ್‌ನೋನು ಒಬ್ಬನೂ ಇರಲಿಲ್ಲ ಅಲ್ಲಿ. ವಿಲ್ಸನ್ ನಿಲ್ಲಲಿಲ್ಲ. ಆ ಡಾರ್ನಲ್ಡ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು ವರ್ಷ ಬೆಂಚಲ್ಲಿ ಕೂತು ಮಿನೆಸೋಟಾಗೆ ಹೋಗಿ 2024ರಲ್ಲಿ 14 ಮ್ಯಾಚ್ ಗೆಲ್ಲಿಸ್ದ. "ನಮ್ ಮನೇಲಿದ್ದಾಗ ಯಾಕೋ ಹಿಂಗ್ ಆಡ್ಲಿಲ್ಲ" ಅಂತ ಭಾವ ಈಗ್ಲೂ ಗೊಣಗ್ತಾರೆ. ಹುಡುಗ ಅದೇ, ತೋಳು ಅದೇ.

ಬ್ರೈಸ್ ಯಂಗ್‌ನೂ ನೋಡಿ, 2023ರ ಮೊದಲ ಪಿಕ್, 11 ಮ್ಯಾಚ್ ಆಗೋಷ್ಟ್ರಲ್ಲಿ ಅವನನ್ನ ಆರಿಸಿದ ಕೋಚ್ ಕೆಲಸವೇ ಹೋಯ್ತು. ಕ್ಯಾಮ್ ವಾರ್ಡ್‌ಗೂ ಟೆನೆಸೀಲಿ ಮೊದಲ ಸೀಸನ್ ಅರ್ಧ ಆಗೋ ಮುಂಚೆನೇ ಕೋಚ್ ಬದಲು. ಪ್ಯಾಟ್ರಿಕ್ ಮಹೋಮ್ಸ್ ಕಥೆ ಉಲ್ಟಾ. ಟೆಕ್ಸಸ್ ಟೆಕ್‌ನಲ್ಲಿ ಒಕ್ಲಹೋಮಾ ಮೇಲೆ 88 ಸಲ ಎಸೆದು 734 ಗಜ ಬಾರಿಸಿ ಕೊನೆಗೆ 66-59ರಲ್ಲಿ ಸೋತ ಹುಡುಗ, ಆ ಕಾಲೇಜಿನ ಸಿಸ್ಟಮ್ಮಲ್ಲಿ ಯಾರು ಬೇಕಾದ್ರೂ ಹಂಗೆ ಎಸೀತಾರೆ ಅಂತ ಸಂಶಯ, ಚಿಕಾಗೋದೋರು ಅವನನ್ನ ಬಿಟ್ಟು 2ನೇ ಪಿಕ್ಕಲ್ಲಿ ಟ್ರುಬಿಸ್ಕಿ ತಗೊಂಡ್ರು. 10ನೇ ಪಿಕ್ಕಿಗೆ ಕ್ಯಾನ್ಸಸ್ ಸಿಟಿಗೆ ಹೋದ, ಆ್ಯಂಡಿ ರೀಡ್ ಕೈಕೆಳಗೆ ಆ್ಯಲೆಕ್ಸ್ ಸ್ಮಿತ್ ಹಿಂದೆ ಒಂದು ವರ್ಷ ಕೂತ, ಕೊನೇ ಮ್ಯಾಚ್ ಒಂದು ಆಡ್ದ, ಮಾರನೇ ವರ್ಷ ಎಂವಿಪಿ. ಅವನು ಚಿಕಾಗೋಗೆ ಹೋಗಿದ್ರೆ ಏನಾಗ್ತಿತ್ತು ಅಂತ ಯಾವ ಗೈಡೂ ಹೇಳಕ್ಕಾಗಲ್ಲ, ಆದ್ರೆ "ಈ ಹುಡುಗನಿಗೆ ಒಂದು ವರ್ಷ ಕೂರಿಸೋ ಟೀಮ್ ಬೇಕು", "ಇವನಿಗೆ ಗಟ್ಟಿ ಲೈನ್ ಇಲ್ದಿದ್ರೆ ಕಷ್ಟ" ಅಂತ ಷರತ್ತು ಬರೀಬೋದಲ್ಲ? ಎರಡು ಪುಟದಲ್ಲಿ ಅದಕ್ಕೆ ಒಂದು ಸಾಲು ಜಾಗ ಇಲ್ಲ.

ತಗೊಳ್ಳೋದಾದ್ರೆ ಏಪ್ರಿಲ್ ಮೊದಲ ವಾರದವರೆಗೂ ಕಾಯಿರಿ, ಫೆಬ್ರವರಿಯಲ್ಲಿ ಕೊಡೋದ್ರಲ್ಲಿ ಕಂಬೈನ್, ಪ್ರೋ ಡೇ ಏನೂ ಇರಲ್ಲ, ಬೆಲೆ ಮಾತ್ರ ಅಷ್ಟೇ. ಆ್ಯಪ್ ಬೇಡ, ಫೋನಲ್ಲಿ ಟೇಬಲ್ ಅರ್ಧಕ್ಕೆ ಕತ್ತರಿಸಿ ತೋರಿಸತ್ತೆ, ಪ್ರೆಶರ್ ಕಾಲಮ್ ನೋಡಕ್ಕೆ ಬೆರಳಲ್ಲಿ ಎಳೀತಾನೇ ಇರ್ಬೇಕು. ಪಿಡಿಎಫ್ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಬರತ್ತೆ. ಹಳೇ ಎಡಿಷನ್‌ಗಳನ್ನ ಅಕೌಂಟ್ ಒಳಗೆ ಫ್ರೀಯಾಗೇ ಇಟ್ಟಿದಾರೆ, 2021ರ ಕ್ವಾರ್ಟರ್‌ಬ್ಯಾಕ್ ಪುಟ ಮೊದಲು ಓದಿ, ಫಸ್ಟ್ ರೌಂಡ್‌ನಲ್ಲಿ ಹೋದ ಆ ಐದೂ ಜನರ ಟಿಪ್ಪಣಿ ಒಂದು ಕಡೆ ಗ್ರೇಡ್ ಒಂದು ಕಡೆ ಇಟ್ಕೊಂಡು ನೋಡಿದ್ರೆ ದುಡ್ಡು ಯಾವುದಕ್ಕೆ ಕೊಡ್ತಿದೀರ ಅಂತ ಗೊತ್ತಾಗತ್ತೆ. ಆಟೋ ರಿನ್ಯೂವಲ್ ಡೀಫಾಲ್ಟಾಗಿ ಆನ್ ಇರತ್ತೆ, ಅಕೌಂಟ್ ಸೆಟಿಂಗ್ಸ್‌ನಲ್ಲಿ ಬಿಲ್ಲಿಂಗ್ ಒಳಗೆ ಹೋಗಿ ಅವತ್ತೇ ಆಫ್ ಮಾಡಿ.